ಎರಡನೇ ಅಭಿಪ್ರಾಯ: ಬೀದರ್‌ನ ಮಾಜಿ ಸೈನಿಕರಿಗೆ ಹೈದರಾಬಾದೋ, ಬೆಂಗಳೂರೋ?

ನಮ್ಮ ಕಾಕಾ ಫೌಜಿನಲ್ಲಿದ್ದವರು. ಹೊಟ್ಟೆಯ ಮಹಾಪಧಮನಿ, ಅಂದ್ರೆ ಹೃದಯದಿಂದ ರಕ್ತ ಒಯ್ಯುವ ದೊಡ್ಡ ನಾಳ, ಉಬ್ಬಿದೆ ಅಂತ ಸ್ಕ್ಯಾನ್‌ನಲ್ಲಿ ಬಂತು. ರಿಪೋರ್ಟ್‌ನಲ್ಲಿ 5.1 ಸೆಂ.ಮೀ. ಅಂತಿದ್ದ ಕಡೆ ಪೆನ್ಸಿಲ್‌ನಿಂದ ಸುತ್ತು ಹಾಕಿ, ಮಡಚಿ ಜೇಬಲ್ಲೇ ಇಟ್ಟುಕೊಂಡಿದ್ದರು. ಗಂಡಸರಿಗೆ ಸಾಮಾನ್ಯವಾಗಿ ಉಬ್ಬಿದ ನಾಳದ ಅಗಲ 5.5 ಸೆಂ.ಮೀ. ಮುಟ್ಟಿದಾಗ ಆಪರೇಷನ್ ಮಾತು ಬರುತ್ತದೆ. ಅದಕ್ಕಿಂತ ಕಡಿಮೆ ಇದ್ದು, ನೋವಿಲ್ಲ, ಬೇಗ ಬೆಳೆಯುತ್ತಿಲ್ಲ ಅಂದ್ರೆ ಇನ್ನೊಬ್ಬ ಡಾಕ್ಟರನ್ನು ಕೇಳಲು ಸಮಯ ಇರುತ್ತದೆ.

ಹೈದರಾಬಾದ್ ಸುಮಾರು 140 ಕಿ.ಮೀ. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ಅಲ್ಲಿನ ದೊಡ್ಡ ಆಸ್ಪತ್ರೆ ನಿಮ್ಸ್‌ನಲ್ಲಿ (ನಿಜಾಮ್ಸ್ ಇನ್‌ಸ್ಟಿಟ್ಯೂಟ್ ಆಫ್ ಮೆಡಿಕಲ್ ಸೈನ್ಸಸ್) ರಕ್ತನಾಳದ ಸರ್ಜರಿಗೆ ಬೇರೆ ವಿಭಾಗವೇ ಇದೆ. ಬೀದರ್‌ನವರಿಗೆ ಅಲ್ಲಿನ ಉರ್ದು, ಹಿಂದಿ ಹೊಸದೇನಲ್ಲ ಅಲ್ವಾ?

ಬೆಂಗಳೂರಿಗೆ ಇಡೀ ರಾತ್ರಿ ಪ್ರಯಾಣ. ಆದರೆ ಫೌಜಿನವರ ದೊಡ್ಡ ಆಸ್ಪತ್ರೆ, ವಾಯುಪಡೆಯ ಕಮಾಂಡ್ ಆಸ್ಪತ್ರೆ, ಇರುವುದು ಅಲ್ಲಿ.

ತೊಡೆಸಂದಿಯಿಂದ ಸ್ಟೆಂಟ್ (ನಾಳದೊಳಗೆ ಕೂರಿಸುವ ಕೊಳವೆ) ಹಾಕಿದರೆ ಬೇಗ ಚೇತರಿಕೆ. ಆದರೆ ಜೀವನಪೂರ್ತಿ ಸ್ಕ್ಯಾನ್‌ಗೆ ಹೋಗುತ್ತಿರಬೇಕು. ಹೊಟ್ಟೆ ಕೊಯ್ಯುವ ಆಪರೇಷನ್‌ನಲ್ಲಿ ನೋವು ಜಾಸ್ತಿ, ಆಮೇಲಿನ ಓಡಾಟ ಕಡಿಮೆ. ಈ ಓಡಾಟ ನೆನೆದೇ ನಾನು ಹೈದರಾಬಾದ್ ಅನ್ನುತ್ತೇನೆ.

ಎಲ್ಲಿಗೇ ಹೋಗಿ, ಮೊದಲು ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಪಾಲಿಕ್ಲಿನಿಕ್‌ನಲ್ಲಿ ರೆಫರಲ್ ಬರೆಸಿ. ಸ್ಕ್ಯಾನ್‌ನ ಸಿ.ಡಿ. ಕೇಳಿ ಪಡೆಯಿರಿ, ಬರೀ ರಿಪೋರ್ಟ್ ಸಾಲದು. ಹೊಟ್ಟೆಯಲ್ಲೋ ಬೆನ್ನಲ್ಲೋ ಹಠಾತ್ತಾಗಿ ಜೋರು ನೋವು ಬಂದರೆ ಮಾತ್ರ ಯಾವ ಊರು ಅಂತ ಯೋಚಿಸಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಓಡಿ.