ಫೋಮ್ ಕಾಲರ್: ಉಳುಕಿದ ಕತ್ತಿಗೆ ಎಷ್ಟು ಆಸರೆ?

ಕಾಸರಗೋಡು ಜಿಲ್ಲೆಯ ತಲಪಾಡಿಯಿಂದ ಕಾಲಿಕ್ಕಡವಿನವರೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕಾರಿಗೆ ಹಿಂದಿನಿಂದ ಗುದ್ದು ಬಿದ್ದವರು ಮರುದಿನ ಮೆಡಿಕಲ್ ಶಾಪಿನಲ್ಲಿ ಕತ್ತಿಗೆ ಸುತ್ತಿಕೊಳ್ಳುವ ಈ ಮೆತ್ತನೆಯ ಫೋಮ್ ಕಾಲರ್ ಕೇಳುವುದುಂಟು. ಮರುದಿನವೇ ಏಕೆಂದರೆ, ವಿಪ್‌ಲ್ಯಾಶ್ (ಇಂಥ ಗುದ್ದಿಗೆ ಕತ್ತು ಉಳುಕುವುದು) ನೋವು ಹಲವು ಗಂಟೆ ತಡವಾಗಿಯೂ ಶುರುವಾಗುತ್ತದೆ. ಗುದ್ದಿದಾಗ ಸೀಟು ಬೆನ್ನನ್ನು ಮುಂದಕ್ಕೆ ತಳ್ಳುತ್ತದೆ, ತಲೆ ಹಿಂದೆಯೇ ಉಳಿಯುತ್ತದೆ. ಕ್ಷಣಾರ್ಧದಲ್ಲಿ ಕತ್ತು ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗಿ ಸ್ನಾಯು, ಅಸ್ಥಿರಜ್ಜು, ಸಣ್ಣ ಕೀಲುಗಳು ಎಳೆಯಲ್ಪಡುತ್ತವೆ.

ಕಾಲರ್ ಹಗುರ, ವೆಲ್ಕ್ರೋ ಹಿಂದೆ ಬರುತ್ತದೆ. ಕತ್ತಿನ ಸುತ್ತಳತೆಯ ಜೊತೆಗೆ ಗಲ್ಲದಿಂದ ಎದೆಮೂಳೆಯ ಮೇಲಿನ ಗುಳಿಯವರೆಗಿನ ಎತ್ತರವನ್ನೂ ಅಳೆದು ಕೊಳ್ಳಿ. ಎತ್ತರ ಹೆಚ್ಚಾದರೆ ಗಲ್ಲ ಮೇಲಕ್ಕೆದ್ದು ನೋವು ಹೆಚ್ಚುತ್ತದೆ. ನಮ್ಮ ಕರಾವಳಿಯ ಸೆಕೆಗೆ ಫೋಮ್ ಬೆವರು ಹೀರಿ ಚರ್ಮ ಕೆರೆಯುವುದೂ ಇದೆ. ಹೊದಿಕೆ ಬಿಚ್ಚಿ ಒಗೆಯಲು ಬರುವಂಥದ್ದೇ ಒಳ್ಳೆಯದು.

ದೊಡ್ಡ ಕೊರತೆ ಬೇರೆ. ಇದು ಕತ್ತನ್ನು ಅಲುಗಾಡದಂತೆ ಹಿಡಿಯುವುದೇ ಇಲ್ಲ. ವಾರಗಟ್ಟಲೆ ಹಾಕಿಕೊಂಡರೆ ಸ್ನಾಯು ಸೊರಗಿ ಕತ್ತು ಇನ್ನಷ್ಟು ಬಿಗಿಯುತ್ತದೆ. ಮೂಳೆಗೆ ಪೆಟ್ಟಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ನೋವು ತಾಳುವಷ್ಟು ಕತ್ತನ್ನು ಎಡಬಲಕ್ಕೆ ಮೆಲ್ಲಗೆ ತಿರುಗಿಸುತ್ತಿರುವುದೇ ಹೆಚ್ಚು ಗುಣ. ಕಾಲರ್ ಬೇಕೇ ಬೇಕಾದರೆ ಡಾಕ್ಟರು ಹೇಳಿದ ಒಂದೆರಡು ದಿನ, ಸ್ವಲ್ಪ ಹೊತ್ತು ಸಾಕು. ಹಾಕಿಕೊಂಡು ಡ್ರೈವ್ ಮಾಡಲೇಬೇಡಿ.

ಕೈಕಾಲು ಜುಮ್ಮೆಂದರೆ, ಬಲ ಕುಂದಿದರೆ, ಕತ್ತು 45 ಡಿಗ್ರಿಯೂ ತಿರುಗದಿದ್ದರೆ, ವಯಸ್ಸು 65 ದಾಟಿದ್ದರೆ ಅಂಗಡಿಗಲ್ಲ, ನೇರ ಆಸ್ಪತ್ರೆಗೆ ಹೋಗಿ.