ಡೈನಮಿಕ್ ವರ್ಲ್ಡ್: ನಾಲೆ ಬಯಲಿನ ನಕ್ಷೆಗೆ ಇದನ್ನು ಎಷ್ಟು ನಂಬಬಹುದು?

ಗೂಗಲ್ ಮತ್ತು ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಸೇರಿ 2022ರಲ್ಲಿ ಹೊರತಂದ ಡೈನಮಿಕ್ ವರ್ಲ್ಡ್ ಎಂಬ ನಕ್ಷೆ ಸೇವೆ, ಸೆಂಟಿನೆಲ್-2 ಉಪಗ್ರಹದ ಚಿತ್ರ ಬಂದಂತೆಲ್ಲ ನೆಲವನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ ಕೊಡುತ್ತದೆ. ಒಂದು ಪಿಕ್ಸೆಲ್ 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಒಂದು ಗುಂಟೆ. ಮಂಡ್ಯದ ವಿಶ್ವೇಶ್ವರಯ್ಯ ನಾಲೆ ಬಯಲಿನಂಥ ಕಡೆ, ಎಲ್ಲಿ ಎಷ್ಟು ಮನುಷ್ಯನ ಕೈ ಆಡಿದೆ ಎಂದು ಗುರುತಿಸಲು ಈ ಅಳತೆಯೇ ಅದರ ದೊಡ್ಡ ಬಲ. 1 ಕಿ.ಮೀ. ಪಿಕ್ಸೆಲ್‌ನ ‘ಗ್ಲೋಬಲ್ ಹ್ಯೂಮನ್ ಮಾಡಿಫಿಕೇಷನ್’ (ಮನುಷ್ಯ ನೆಲವನ್ನು ಎಷ್ಟು ಬದಲಿಸಿದ್ದಾನೆ ಎಂದು ತೋರಿಸುವ) ನಕ್ಷೆಯಲ್ಲಿ 247 ಎಕರೆಗೆ ಒಂದೇ ಅಂಕಿ. ಗದ್ದೆ, ಗುಂಡುತೋಪು, ಕೆರೆಯಂಗಳ ಎಲ್ಲ ಅದರಲ್ಲಿ ಕಲಸಿಹೋಗುತ್ತವೆ.

ಆದರೆ ಪ್ರತಿ ಪಿಕ್ಸೆಲ್‌ಗೆ ಹೆಚ್ಚು ಸಂಭವವಿರುವ ಒಂದೇ ವರ್ಗದ ಹೆಸರು ಕೊಡುವ ಸಿದ್ಧ ‘ಲೇಬಲ್’ ಪದರವನ್ನೇ ನೆಚ್ಚಿದರೆ ಕೆಲಸ ಕೆಡುತ್ತದೆ. ನಾಟಿ ಹೊತ್ತಿನಲ್ಲಿ ನೀರು ನಿಂತ ಭತ್ತದ ಗದ್ದೆ ‘ವಾಟರ್’ ಅಥವಾ ‘ಫ್ಲಡೆಡ್ ವೆಜಿಟೇಷನ್’ (ನೀರು ನಿಂತ ಸಸ್ಯಪ್ರದೇಶ) ಆಗಿ ಕಾಣಬಹುದು, ಪೈರು ಬಲಿತಾಗ ‘ಕ್ರಾಪ್ಸ್’, ಕೊಯ್ಲಾದ ಮೇಲೆ ‘ಬೇರ್’ (ಬೋಳು ನೆಲ). ಒಂದೇ ದಿನದ ನಕ್ಷೆ ತೆಗೆದುಕೊಂಡರೆ ಗದ್ದೆಯೇ ಜೌಗು ನೆಲವಾಗಿಬಿಡುತ್ತದೆ. ಲೇಬಲ್ ಬಿಟ್ಟು ಒಂಬತ್ತು ವರ್ಗಗಳಲ್ಲಿ ಪ್ರತಿಯೊಂದೂ ಆಗಿರುವ ಸಾಧ್ಯತೆ ಎಷ್ಟೆಂದು ಹೇಳುವ ಸಂಭವನೀಯತೆಯ ಪದರಗಳನ್ನು ಬಳಸಿ. ಜೂನ್–ಸೆಪ್ಟೆಂಬರ್, ಅಕ್ಟೋಬರ್–ಜನವರಿ, ಫೆಬ್ರವರಿ–ಮೇ ಎಂದು ಮೂರು ಪಾಲು ಮಾಡಿ ಸರಾಸರಿ ತೆಗೆಯಿರಿ. ‘ಕ್ರಾಪ್ಸ್’ ಎಷ್ಟು ಸಲ ಏರಿ ಇಳಿಯಿತು ಎಂಬುದರಲ್ಲಿ ವರ್ಷಕ್ಕೆ ಎಷ್ಟು ಬೆಳೆ ತೆಗೆಯುತ್ತಾರೆ ಎಂಬ ಸುಳಿವು ಸಿಗುತ್ತದೆ. ನೆಲದ ಮೇಲಿನ ಒತ್ತಡ ಅಳೆಯಲು ಬೇಕಾದದ್ದು ಅದೇ. ಕಬ್ಬು ಮಾತ್ರ ಹತ್ತು-ಹನ್ನೆರಡು ತಿಂಗಳು ನಿಲ್ಲುವ ಬೆಳೆ. ಅದನ್ನು ಬೇರೆಯಾಗಿ ಎಣಿಸಿ.

ಅತಿ ಕೆಟ್ಟ ತಪ್ಪು ‘ಟ್ರೀಸ್’ ವರ್ಗದ್ದು. ಗೊಬ್ಬರ, ಡ್ರಿಪ್ಪು ಹಾಕಿ ಬೆಳೆಸಿದ ತೆಂಗು-ಅಡಿಕೆ ತೋಟವೂ ದೇವರಕಾಡೂ ಇದಕ್ಕೆ ಒಂದೇ ಹಸಿರು. ತಿಪಟೂರಿನ ಕಡೆಯ ನಕ್ಷೆಯನ್ನು ಹಾಗೇ ಓದಿದರೆ ಇಲ್ಲದ ಕಾಡು ಇದೆಯೆಂದಾಗುತ್ತದೆ, ಉಳಿದ ನಾಲ್ಕು ಮರಗಳ ತೋಪಿಗೆ ಬೆಲೆಯೇ ಸಿಗುವುದಿಲ್ಲ. ಗೂಗಲ್ ಅರ್ಥ್‌ನ ಸ್ಪಷ್ಟ ಚಿತ್ರದಲ್ಲಿ 25–30 ಅಡಿ ಅಂತರದ ತೆಂಗಿನ ಸಾಲು ಎದ್ದು ಕಾಣುತ್ತದೆ; ತೋಟಗಳ ಗಡಿ ಕೈಯಿಂದ ಎಳೆದು ಪ್ರತ್ಯೇಕ ಪದರ ಮಾಡಿಕೊಳ್ಳುವುದು ಬೇಸರದ ಕೆಲಸ, ಆದರೂ ಬಿಡಬಾರದು. ಬದುವಿನ ಹೊಂಗೆ ಸಾಲು, ಹಳ್ಳದಂಚಿನ ಪೊದೆ 10 ಮೀಟರ್‌ಗೆ ಸಿಗುವುದಿಲ್ಲ. ಹಕ್ಕಿ, ಜೇನು ಬದುಕುವುದು ಅಲ್ಲೇ ಆದ್ದರಿಂದ ಇದು ಸಣ್ಣ ಕೊರತೆಯಲ್ಲ.

ಮೋಡ ಶೇ. 35ಕ್ಕಿಂತ ಹೆಚ್ಚಿರುವ ಚಿತ್ರಗಳನ್ನು ಸೇವೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಜುಲೈ-ಆಗಸ್ಟ್ ಖಾಲಿ ಬೀಳಬಹುದು. ಅಲ್ಲಿ ಮೋಡದ ಮೂಲಕವೂ ನೆಲ ಕಾಣುವ ಸೆಂಟಿನೆಲ್-1 ಉಪಗ್ರಹದ ರೇಡಾರ್ ಚಿತ್ರ ಸೇರಿಸಿ.

ಗೂಗಲ್‌ನ ನಕ್ಷೆ ಲೆಕ್ಕದ ತಾಣವಾದ ಅರ್ಥ್ ಎಂಜಿನ್‌ನಲ್ಲಿ ವಿಸ್ತೀರ್ಣ ಲೆಕ್ಕ ಹಾಕುವಾಗ ಸ್ಕೇಲ್ (ಲೆಕ್ಕಕ್ಕೆ ಬಳಸುವ ಪಿಕ್ಸೆಲ್ ಅಳತೆ, ಮೀಟರ್‌ನಲ್ಲಿ) 10 ಎಂದು ಬರೆಯಲೇಬೇಕು. ಹಲವು ಚಿತ್ರ ಸೇರಿಸಿದ ಪದರದ ಮೂಲ ಅಳತೆ ಒಂದು ಡಿಗ್ರಿ, ಅಂದರೆ ಸುಮಾರು 111 ಕಿ.ಮೀ. ಬರೆಯದಿದ್ದರೆ ಎಕರೆ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಡೈನಮಿಕ್ ವರ್ಲ್ಡ್ ಬದಲು ಯುರೋಪಿನ ಬಾಹ್ಯಾಕಾಶ ಸಂಸ್ಥೆಯ (ಇಎಸ್‌ಎ) ವರ್ಲ್ಡ್‌ಕವರ್ ನಕ್ಷೆ ಬಳಸುವವರು 2021ರ ನಕ್ಷೆಯಿಂದ 2020ರದನ್ನು ಕಳೆದು ಬದಲಾವಣೆ ತೋರಿಸಬೇಡಿ. ಎರಡಕ್ಕೂ ಬಳಸಿದ ವಿಧಾನವೇ ಬೇರೆ.

ನೆಲದ ಮೇಲೆ ತಾಳೆ ನೋಡಲು ಸುತ್ತಲೂ ಕನಿಷ್ಠ ಒಂಬತ್ತು ಗುಂಟೆ ಒಂದೇ ಬಗೆಯಿರುವ ಜಾಗಗಳನ್ನೇ ಆರಿಸಿ, ಬದುವಿನ ಮೇಲೆ ನಿಂತು ಜಿಪಿಎಸ್ ಗುರುತು ಹಾಕಬೇಡಿ.