ಲೆವಿ ಮೊದಲೋ, ವೀಸೆಲ್ ಮೊದಲೋ?

ಹಾಲೋಕಾಸ್ಟ್‌ನಲ್ಲಿ, ಅಂದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ನಡೆಸಿದ ಯಹೂದಿಗಳ ನರಮೇಧದಲ್ಲಿ, ಬದುಕುಳಿದವರ ಪುಸ್ತಕಗಳಲ್ಲಿ ಯಾವುದನ್ನು ಮೊದಲು ಓದಲಿ ಎಂದು ಯಾರಾದರೂ ಕೇಳಿದರೆ, ಪ್ರಿಮೊ ಲೆವಿ ಅವರ 'ಇಫ್ ದಿಸ್ ಈಸ್ ಎ ಮ್ಯಾನ್' ಎನ್ನುತ್ತೇನೆ. ಎಲಿ ವೀಸೆಲ್ ಅವರ 'ನೈಟ್' ಆಮೇಲೆ. ಎರಡನ್ನೂ ಒಂದರ ಬೆನ್ನಿಗೊಂದು ಇಂಗ್ಲಿಷಿನಲ್ಲಿ ಓದಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಇಬ್ಬರೂ 1944ರಲ್ಲಿ ನಾಜಿಗಳ ಆಶ್ವಿಟ್ಜ್ ಸೆರೆಶಿಬಿರಕ್ಕೆ ಸೇರಿದ ಮೊನೊವಿಟ್ಜ್ ಕ್ಯಾಂಪಿನಲ್ಲಿದ್ದರು. ಲೆವಿ ಇಟಲಿಯ ಟ್ಯೂರಿನ್ ನಗರದ ರಸಾಯನಶಾಸ್ತ್ರಜ್ಞ, ಆಗ 24ರ ಪ್ರಾಯ. ವೀಸೆಲ್ ಈಗ ರೊಮೇನಿಯಾದಲ್ಲಿರುವ ಸಿಗೆಟ್ ಊರಿನ 15ರ ಹುಡುಗ, ಜೊತೆಗೆ ಅಪ್ಪ.

ಕ್ಯಾಂಪು ಹೇಗೆ ನಡೆಯುತ್ತಿತ್ತು ಎಂಬುದು ಲೆವಿಯವರಲ್ಲಿ ಕಣ್ಣಿಗೆ ಕಟ್ಟುತ್ತದೆ. ಕೈದಿಗೆ ಚಮಚ ಕೊಡುವುದಿಲ್ಲ, ತನ್ನ ಪಾಲಿನ ಬ್ರೆಡ್ಡು ಕೊಟ್ಟು ಕೊಳ್ಳಬೇಕು. ಹಂಡೆಯ ಮೇಲಿನ ಸೂಪು ಬರೀ ನೀರು, ಗಟ್ಟಿ ಇರುವುದು ತಳದಲ್ಲಿ. ಹಾಗಾಗಿ ಸಾಲಿನಲ್ಲಿ ಎಲ್ಲಿ ನಿಲ್ಲಬೇಕೆಂದು ಹಸಿದವರು ಲೆಕ್ಕ ಹಾಕುತ್ತಾರೆ. ದನಿ ಎಲ್ಲೂ ಏರುವುದಿಲ್ಲ. ಅದಕ್ಕೇ ಓದುವವರಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. 'ನೈಟ್' ಪುಟ್ಟ ಪುಸ್ತಕ, ಒಂದೇ ಉಸಿರಿಗೆ ಓದಿಸಿಕೊಳ್ಳುತ್ತದೆ. ಅಲ್ಲಿರುವುದು ಅಪ್ಪ, ಮಗ, ಮತ್ತು ಆ ಹುಡುಗನ ಕೈಬಿಟ್ಟ ದೇವರು.

1945ರ ಜನವರಿಯಲ್ಲಿ ಎರಡೂ ಪುಸ್ತಕ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ರಷ್ಯನ್ ಸೇನೆ ಹತ್ತಿರವಾಯಿತೆಂದು ನಾಜಿಗಳು ಕೈದಿಗಳನ್ನು ಹಿಮದಲ್ಲಿ ನಡೆಸಿಕೊಂಡು ಹೊರಟರು. ಲೆವಿ ಜ್ವರದಿಂದ ಕ್ಯಾಂಪಿನ ಆಸ್ಪತ್ರೆಯಲ್ಲೇ ಉಳಿದರು. ಕಾಲಿನ ಆಪರೇಷನ್ ಆಗಿ ಅದೇ ಕ್ಯಾಂಪಿನ ಆಸ್ಪತ್ರೆಯಲ್ಲಿದ್ದ ವೀಸೆಲ್, ಉಳಿದರೆ ಕೊಲ್ಲುತ್ತಾರೆಂದು ಹೆದರಿ ಅಪ್ಪನ ಜೊತೆ ಹೊರಟುಬಿಟ್ಟರು. ಉಳಿದವರಲ್ಲಿ ಲೆವಿ ಮತ್ತು ಇನ್ನಿಬ್ಬರು ಒಲೆಯೊಂದನ್ನು ಹುಡುಕಿ ತಂದರು. ಅದು ಹೊತ್ತಿಕೊಂಡಾಗ, ಕೋಣೆಯ ರೋಗಿಗಳು ತಮ್ಮ ಪಾಲಿನಿಂದ ಒಂದೊಂದು ತುಂಡು ಬ್ರೆಡ್ಡನ್ನು ಅವರಿಗೆ ಕೊಟ್ಟರು. ಹಿಂದಿನ ದಿನದವರೆಗೂ ಅಲ್ಲಿ ಊಹಿಸಲೂ ಆಗದ ಮಾತು ಅದು. ಜನವರಿ 27ಕ್ಕೆ ರಷ್ಯನ್ನರು ಬಂದರು. ಅತ್ತ ವೀಸೆಲ್ ಮತ್ತು ಅಪ್ಪ ತಲುಪಿದ್ದ ಜರ್ಮನಿಯ ಬುಕೆನ್‌ವಾಲ್ಡ್ ಕ್ಯಾಂಪಿನಲ್ಲಿ, ಅಪ್ಪ ನೀರು ನೀರು ಎಂದು ಕೂಗಿ ಏಟು ತಿನ್ನುತ್ತಿದ್ದಾಗ ಮಗ ಭಯದಿಂದ ಅಲುಗಾಡಲಿಲ್ಲ. 29ರ ಬೆಳಿಗ್ಗೆ ಅಪ್ಪನ ಹಾಸಿಗೆಯಲ್ಲಿ ಬೇರೆ ರೋಗಿ ಮಲಗಿದ್ದ. ಲೆವಿಯವರನ್ನು ಮೊದಲೇ ಓದಿದ್ದರಿಂದ ಆ ಪುಟ ನನಗೆ ಇನ್ನಷ್ಟು ಭಾರವಾಯಿತು.

ವಿಕ್ಟರ್ ಫ್ರಾಂಕ್ಲ್ ಅವರ 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್' ಅನ್ನು ಮೊದಲು ಓದಿ ಎನ್ನುವವರೂ ಇದ್ದಾರೆ. ಒಳ್ಳೆಯ ಪುಸ್ತಕವೇ. ಆದರೆ ಅವರು ಮನೋವೈದ್ಯರು. ಅನುಭವ ಬೇಗನೆ ಸಿದ್ಧಾಂತಕ್ಕೆ ತಿರುಗುತ್ತದೆ. ಸತ್ತವರ ಬಳಿ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕೆನಿಸಿತು ನನಗೆ.

ಹೈಸ್ಕೂಲು ಮಕ್ಕಳಿಗಾದರೆ ಮೊದಲು 'ನೈಟ್' ಕೊಡಿ, ಬರೆದವನೂ ಅವರದೇ ವಯಸ್ಸಿನಲ್ಲಿ ಅದನ್ನೆಲ್ಲ ಕಂಡವನು. ಮನೆಯ ದೊಡ್ಡವರೊಬ್ಬರು ಜೊತೆಯಲ್ಲೇ ಓದಲಿ.